ಕುಂಬಾರ ತಟ್ಟಿ ನೋಡಿದ ಎರಡು ಶಾಲೆ

ಶಿಷ್ಯ ಮರಿದೇವ ಕೇಳಿದ: "ಗುರುಗಳೇ, ಹೊಳೆಯಾಚೆಯ ಮಠದ ಶಿಷ್ಯರು ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಡುತ್ತಾರೆ. ನಾನು ಇಲ್ಲಿ ಇನ್ನೂ ತಡವರಿಸುತ್ತಲೇ ಇದ್ದೇನೆ. ಇಲ್ಲಿರಲೋ, ಅಲ್ಲಿಗೆ ಹೋಗಲೋ ತೋಚುತ್ತಿಲ್ಲ. ಯಾವುದು ಮೇಲೆಂದು ತಿಳಿಯುವುದು ಹೇಗೆ?"

ಗುರುಗಳು ಕತೆ ಹೇಳಿದರು.

ಒಂದು ಬಡ ಊರು. ಅಲ್ಲೊಬ್ಬ ಕುಂಬಾರ. ಅವನ ವಂಶದಲ್ಲಿ ಯಾರೂ ಅಕ್ಷರ ಕಲಿತವರಲ್ಲ. ಮಗಳಾದರೂ ಕಲಿಯಲಿ ಎಂದು ಅವನಿಗೆ ಆಸೆ. ಊರು ಚಿಕ್ಕದಾದರೂ ಸರ್ಕಾರಿ ಶಾಲೆ ಎರಡಿದ್ದವು, ಕೆರೆಯ ಈಚೆಗೊಂದು, ಆಚೆಗೊಂದು. ತಪ್ಪು ಶಾಲೆಗೆ ಸೇರಿಸಿದರೆ ಮಗಳೂ ತನ್ನಂತೆ ಹೆಬ್ಬೆಟ್ಟು ಒತ್ತುತ್ತಲೇ ಉಳಿದಾಳು ಎಂದು ಅವನಿಗೆ ಭಯ.

ನೆರೆಯವರನ್ನು ಕೇಳಿದ. ಗೋಡೆಗೆ ಬಣ್ಣ ಬಳಿದಿದ್ದಾರೆ, ಈಚೆಯದೇ ಒಳ್ಳೆಯದು ಎಂದ ಒಬ್ಬ. ಮಧ್ಯಾಹ್ನದ ಊಟದ ಸಾರಿನಲ್ಲಿ ಬೇಳೆ ಸಿಗುತ್ತದೆ, ಆಚೆಯದೇ ಒಳ್ಳೆಯದು ಎಂದಳು ಇನ್ನೊಬ್ಬಳು. ಕೇಳಿದಷ್ಟೂ ಅವನ ತಲೆ ಕೆಟ್ಟಿತು. ಮಡಕೆಯನ್ನು ತಟ್ಟಿ, ಸದ್ದು ಕೇಳಿಯೇ ಗಟ್ಟಿಯೋ ಅಲ್ಲವೋ ಹೇಳುವವನು ನಾನು, ಶಾಲೆಯನ್ನೂ ಹಾಗೇ ನೋಡಿದರಾಯಿತು ಎಂದುಕೊಂಡ.

ಈಚೆಯ ಶಾಲೆಗೆ ಹೋಗಿ ಮಕ್ಕಳನ್ನು ಕೇಳಿದ: "ಗಾಡಿಗೆ ಇಪ್ಪತ್ತು ಮಡಕೆ. ಮೂರು ಗಾಡಿಗೆ ಎಷ್ಟು?"

ಇಡೀ ತರಗತಿ ಒಂದೇ ಕೊರಳಲ್ಲಿ "ಅರವತ್ತು" ಎಂದಿತು. ಗಟ್ಟಿ ಮಡಕೆಯ ಸದ್ದು ಎಂದು ಅವನು ಹಿಗ್ಗಿದ.

ಆಚೆಯ ಶಾಲೆಯಲ್ಲೂ ಅದನ್ನೇ ಕೇಳಿದ. ಒಬ್ಬ ಹುಡುಗಿ ಬೆರಳು ಮಡಿಸುತ್ತಾ ಎದ್ದು ನಿಂತು, "ಮಾವ, ದಾರೀಲಿ ಒಡೆದ್ಹೋದ ಮಡಕೇನೂ ಸೇರಿಸ್ಬೇಕಾ?" ಎಂದಳು. ಸೇರಿಸಬೇಕೆಂದು ಕೆಲವರು, ಕೂಡದೆಂದು ಕೆಲವರು. ಮೇಷ್ಟ್ರು ಅವರ ವಾದ ಕೇಳುತ್ತಾ ನಿಂತರು. ಉತ್ತರ ಹೊರಡಲೇ ಇಲ್ಲ. ಇದು ಬಿರುಕು ಬಿಟ್ಟ ಮಡಕೆ ಎಂದು ಕುಂಬಾರ ಎದ್ದು ಬಂದ.

ಈಚೆಯ ಶಾಲೆಯೇ ಸರಿ ಎಂದು ನಿಶ್ಚಯಿಸಿ ಮನೆಗೆ ಬಂದರೆ, ಅವನು ಬೆಳಿಗ್ಗೆ ಮಾಡಿಟ್ಟ ಮಡಕೆಯನ್ನು ಮಗಳು ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೂತಿದ್ದಳು.

"ಹಸೀ ಮಡಕೆ ಎಲ್ಲಾದ್ರೂ ಸದ್ದು ಕೊಡ್ತದೇನವ್ವ? ಆವಿಗೇಲಿ ಇಟ್ಟು ಸುಟ್ಟ ಮೇಲೆ ತಾನೆ ತಟ್ಟಿ ನೋಡೋದು" ಎಂದು ಗದರಿದ.

ಗದರಿದವನೇ ನಿಂತುಬಿಟ್ಟ. ಆಡಿದ ಮಾತು ಅವನಿಗೇ ತಿರುಗಿ ಕೇಳಿಸಿತು. ಎರಡು ಶಾಲೆಯಲ್ಲೂ ತಾನು ತಟ್ಟಿ ನೋಡಿದ್ದು ಹಸಿ ಮಡಕೆಯನ್ನೇ ಅಲ್ಲವೇ? ಮರುದಿನ ಮಗಳ ಕೈ ಹಿಡಿದು ಕೆರೆಯ ಏರಿಯ ಮೇಲೆ ನಿಂತ. ಈಚೆಗೂ ನೋಡಿದ, ಆಚೆಗೂ ನೋಡಿದ. ಮೊದಲಿಗಿಂತ ಹೆಚ್ಚು ಗೊಂದಲವಾಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಕೊನೆಗೆ ಯಾವ ಶಾಲೆಗೆ ಸೇರಿಸಿದ?" ಎಂದ ಮರಿದೇವ.

"ನಿನ್ನನ್ನು ನಾನಿನ್ನೂ ಆವಿಗೆಯಲ್ಲಿ ಇಟ್ಟೇ ಇಲ್ಲ ಮರಿದೇವ, ಆಗಲೇ ತಟ್ಟಿ ನೋಡಿಕೊಳ್ಳುವ ಆತುರ ನಿನಗೇಕೆ?" ಎಂದರು ಗುರುಗಳು.