ಬಿಸಿ ಬಾನೆಟ್ಟಿಗೆ ಹೊದಿಸಿದ ಶಾಲು

"ಕೇಳ್ರಪ್ಪೋ ಕೇಳಿ, ಕಲ್ಗುಡಿಯ ದೊರೆ ರಣಭೈರವರಾಯರ ಅಪ್ಪಣೆ. ದೊರೆಗಳ ಮೂರು ರೇಸ್ ಕಾರು ಒಳಗೊಳಗೇ ಬೆಂದು ಸತ್ತಿವೆ. ನಾಲ್ಕನೆಯದು ಬಯಲಲ್ಲಿ ನಿಂತಿದೆ. ಕಾರು ಕಟ್ಟಿಕೊಟ್ಟ ಮುದಿ ಮೇಸ್ತ್ರಿ ಸಾಯುವ ಮುಂಚೆ ಬಿಟ್ಟುಹೋದ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ, ತಪ್ಪು ಹೇಳಿದವರಿಗೆ ನೇಣು. ಯಾರೂ ಬಿಡಿಸದಿದ್ದರೆ ಇವತ್ತು ಹೊತ್ತು ಮುಳುಗುವಾಗ ಕಾರು ನೋಡಿಕೊಳ್ಳುವ ಬೆಟ್ಟಯ್ಯನಿಗೂ ನೇಣು."

ನೋಡಿ ಅನ್ಯಾಯಾನ. ಓಡಿಸಿದವನು ದೊರೆ, ಬೇಯಿಸಿದವನು ದೊರೆ, ಕುತ್ತಿಗೆ ಮಾತ್ರ ಬೆಟ್ಟಯ್ಯಂದು. ಆ ದೊರೆಯ ಬಾಯಿಗೆ ಮಣ್ಣು ಹಾಕ. ಬೆಟ್ಟಯ್ಯನ ಅಕ್ಕ ದೇವೀರಿ, ಅರಮನೆಯ ಬಚ್ಚಲಲ್ಲಿ ಇಪ್ಪತ್ತು ವರ್ಷದಿಂದ ಹಂಡೆ ಒಲೆಗೆ ಸೌದೆ ಒಟ್ಟುವವಳು. ಡಂಗುರ ಕಿವಿಗೆ ಬಿದ್ದಾಗ ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಕೊಳ್ಳಿಯನ್ನು ಒಲೆಗೆ ಎಸೆದು ನೇರ ರೇಸಿನ ಬಯಲಿಗೆ ನಡೆದಳು.

ಅಲ್ಲಿ ನೇಣುಗಂಬಕ್ಕೆ ತಮ್ಮನನ್ನು ಕಟ್ಟಿದ್ದರು. ಅವಳಿಗಿಂತ ಮುಂಚೆ ಅರ್ಧ ರಾಜ್ಯದ ಆಸೆಗೆ ಇಬ್ಬರು ಬಂದು ನಿಂತಿದ್ದರು, ಆಸ್ಥಾನದ ಶಾಸ್ತ್ರಿ ಮತ್ತು ಸೇನಾಪತಿ. ದೊರೆ ಮೊದಲ ಒಗಟು ಓದಿದ.

"ಮುಂಬಾಗಿಲು ದೊಡ್ಡದು, ಗಾಳಿಗೆ ಬರವಿಲ್ಲ. ಆದರೂ ಮನೆ ಬೇಯುತ್ತದೆ. ಏನು ಮಾಡಬೇಕು?"

"ಬಾಗಿಲು ಇನ್ನೂ ದೊಡ್ಡದಾಗಲಿ ಪ್ರಭು," ಎಂದ ಶಾಸ್ತ್ರಿ. ಕಾರಿನ ಮೂತಿಯ ಜಾಲರಿಯನ್ನು ಇನ್ನಷ್ಟು ಅಗಲ ಕೊಯ್ದರು. ಐದೇ ಸುತ್ತು ಓಡಿಸುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಮುಟ್ಟಿತು. ಶಾಸ್ತ್ರಿಯನ್ನೂ ಕಂಬಕ್ಕೆ ಕಟ್ಟಿದರು.

"ಬಾನೆಟ್ಟಿನ ಹಿಂಬದಿಯನ್ನು, ಗಾಜಿನ ಹತ್ತಿರ, ನಾಲ್ಕು ಬೆರಳು ಎತ್ತಿಡಿ," ಎಂದ ಸೇನಾಪತಿ. ಕೇಳಿದವರೆಲ್ಲ ತಲೆದೂಗಿದರು. ಆದರೆ ಗಾಜಿಗೆ ಬಡಿದ ಗಾಳಿ ಅದೇ ಸಂದಿನಲ್ಲಿ ಒಳಕ್ಕೆ ನುಗ್ಗಿತು, ಬಿಸಿ ಇದ್ದಲ್ಲೇ ಉಳಿಯಿತು. ಸೇನಾಪತಿಯೂ ಕಂಬಕ್ಕೆ ಹೋದ.

ದೇವೀರಿ ಮುಂದೆ ಬಂದಳು. "ಬುದ್ಧಿ, ಹೊಗೆಗೂಡು ಇಲ್ಲದಿದ್ದರೆ ಒಲೆ ಬಾಯಿ ಎಷ್ಟು ದೊಡ್ಡದಿದ್ದು ಏನು ಬಂತು? ಬಂದ ಗಾಳಿ ಹೊರಗೆ ಹೋಗಬೇಕು. ಗಾಳಿ ಬಂದು ಬಡಿಯೋ ಕಡೆ ಕಂಡಿ ಬಿಟ್ಟರೆ ಹೊಗೆ ವಾಪಸ್ ಕಣ್ಣಿಗೇ ಬರುತ್ತೆ. ಗಾಳಿ ಸವರಿಕೊಂಡು ಹೋಗೋ ಕಡೆ ಬಿಟ್ಟರೆ ಗಾಳಿನೇ ಹೊಗೇನ ಎಳಕೊಂಡು ಹೋಗುತ್ತೆ. ಇಲ್ಲಿ ಕೊರೀಬೇಕು." ರೇಡಿಯೇಟರಿನ ಬೆನ್ನಿಗೇ, ಬಾನೆಟ್ಟಿನ ಮೇಲೆ ಬೆರಳಿಟ್ಟಳು. ಸರಿಯಾಗಿ ಅಲ್ಲೇ ಹಿತ್ತಾಳೆಯ ಸಿಂಹ ಕೂತಿತ್ತು.

"ಅದು ನನ್ನ ವಂಶದ ಲಾಂಛನ ಕಣೇ," ಎಂದ ದೊರೆ.

"ಹಂಗಾದರೆ ಲಾಂಛನ ಇಟ್ಕೊಂಡು ಬೇಯಿರಿ."

ದೊರೆ ಹಲ್ಲು ಕಡಿದ. ಆದರೂ ಸಿಂಹವನ್ನು ಕೀಳಿಸಿದ, ಕಂಡಿ ಕೊರೆಸಿದ. ಬಾನೆಟ್ಟನ್ನು ಮೊದಲಿನ ಹಾಗೆ ಇಳಿಸಿ ಹತ್ತು ಸುತ್ತು ಓಡಿಸಿದರೂ ಮುಳ್ಳು ನಡುವಿನಿಂದ ಮೇಲೇಳಲಿಲ್ಲ.

"ಎರಡನೆಯದು. ಬೇಯುತ್ತಿರುವವನಿಗೇ ಕಂಬಳಿ ಹೊದಿಸು, ಮನೆಮಂದಿಗೆಲ್ಲ ತಂಪು. ಯಾರವನು?"

"ಟರ್ಬೊ. ನನ್ನ ತಮ್ಮ ಅದನ್ನ ತಿದಿ ಅಂತಾನೆ. ಇಂಜಿನ್ನಿನ ಬಿಸಿ ಹೊಗೆಯಿಂದ ತಿರುಗುತ್ತೆ, ಇಂಜಿನ್ನಿಗೇ ಗಾಳಿ ಊದುತ್ತೆ, ಕೆಂಡದ ಹಾಗೆ ಕೆಂಪಾಗುತ್ತೆ. ಹಂಡೆ ಸುತ್ತ ನಾವು ಮಣ್ಣು ಮೆತ್ತಲ್ವಾ, ಬಿಸಿ ಬಚ್ಚಲಿಗೆಲ್ಲ ಹರಡದಿರಲಿ ಅಂತ, ಹಂಗೆ. ಬೆಂಕಿ ತಾಳೋ ಕಂಬಳಿ ಬೆಟ್ಟಯ್ಯ ಯಾವಾಗಲೋ ಹೊಲಿದಿಟ್ಟಿದ್ದಾನೆ. ಕಾರಿನ ಅಂದ ಕೆಡುತ್ತೆ ಅಂತ ನೀವೇ ಬೇಡ ಅಂದ್ರಿ."

ಕಂಬಳಿ ತಂದು ಟರ್ಬೊಗೆ ಸುತ್ತಿದರು. ಈ ಸಲ ಓಡಿಸಿ ಬಂದಾಗ, ಪಕ್ಕದ ಕೊಳವೆಗಳನ್ನು ಮುಟ್ಟಿದ ದೊರೆಯ ಬೆರಳು ಸುಡಲಿಲ್ಲ. ಹೊತ್ತು ಆಗಲೇ ಕಂಬದ ಹಿಂದಕ್ಕೆ ಇಳಿದಿತ್ತು.

"ಕೊನೆಯದು. ಓಡುವಾಗ ಬದುಕಿತ್ತು, ಗೆದ್ದು ನಿಂತ ಮೇಲೆ ಸತ್ತಿತು. ಕೊಂದವರು ಯಾರು?"

ಕಂಬದಿಂದ ಬೆಟ್ಟಯ್ಯ, "ಬೇಡಕ್ಕ, ಹೇಳಬೇಡ," ಎಂದ. ಉತ್ತರ ಅವನಿಗೂ ಗೊತ್ತಿತ್ತು. ಆ ದನಿಯಲ್ಲಿದ್ದ ಹೆದರಿಕೆ ಕೇಳಿ ದೇವೀರಿಯ ಸಿಟ್ಟು ನೆತ್ತಿಗೇರಿತು.

"ನೀವು," ಎಂದಳು. ಈ ಸಲ ಬುದ್ಧಿ ಅನ್ನಲಿಲ್ಲ. "ಗೆದ್ದ ಜೋರಲ್ಲಿ ಬಂದು ನಿಲ್ಲಿಸಿದಿರಿ, ಆ ಕ್ಷಣವೇ ಇಂಜಿನ್ ಆರಿಸಿದಿರಿ. ನೀರು ನಿಂತಿತು, ಎಣ್ಣೆ ನಿಂತಿತು, ಗಾಳಿ ನಿಂತಿತು. ಬಿಸಿ ನಿಲ್ಲಲಿಲ್ಲ, ಇನ್ನೂ ಏರಿತು. ಸಾಲದು ಅಂತ ಬಾನೆಟ್ ಮುಚ್ಚಿದ ಹಾಗೇ ಶಾಲು ಹೊದಿಸಿ, ಮೂತಿಗೆ ಆಳುದ್ದದ ಹಾರ ಹಾಕಿ ಸನ್ಮಾನ ಮಾಡಿಸಿದಿರಿ. ಟರ್ಬೊ ಒಳಗೆ ನಿಂತ ಎಣ್ಣೆ ಸೀದು ಕರಕಲಾಯಿತು. ಕೊನೇ ಸುತ್ತು ನಿಧಾನ ಓಡಿಸಿ, ನಿಂತ ಮೇಲೂ ಒಂಚೂರು ಇಂಜಿನ್ ಓಡಲಿ, ಬಾನೆಟ್ ತೆಗೀರಿ ಅಂತ ನನ್ನ ತಮ್ಮ ಮೂರು ಕಾರಿಗೂ ಹೇಳಿದ. ಮೂರು ಸಲವೂ ಕಪಾಳಕ್ಕೆ ಹೊಡೆದಿರಿ."

ದೊರೆಯ ಕೈ ಕತ್ತಿಗೆ ಹೋಯಿತು. ಊರಿಗೆ ಊರೇ ನೋಡುತ್ತಿತ್ತು, ಕೈ ಕೆಳಗಿಳಿಯಿತು. ಇಪ್ಪತ್ತು ಸುತ್ತು ಓಡಿಸಿದ, ಕೊನೆಯದನ್ನು ನಿಧಾನಕ್ಕೆ. ಶಾಲಿಲ್ಲ, ಹಾರವಿಲ್ಲ. ಬಾನೆಟ್ ತೆಗೆದು, ಇಂಜಿನ್ ತಣ್ಣಗೆ ಗುನುಗುವವರೆಗೆ ಕಾದು ಆರಿಸಿದ. ಮತ್ತೆ ಕೀಲಿ ತಿರುಗಿಸಿದಾಗ ಒಂದೇ ಸಲಕ್ಕೆ ಹತ್ತಿಕೊಂಡಿತು.

"ಅರ್ಧ ರಾಜ್ಯ ನಿನ್ನದು," ಎಂದ ದೊರೆ, ನೆಲ ನೋಡುತ್ತ. "ಯಾವ ಅರ್ಧ ಬೇಕು?"

"ಈ ಕಂಬ ಇರೋ ಅರ್ಧ."

ತನ್ನ ನೆಲದ ಮೇಲೆ ನಿಂತು ಅವಳೇ ಮೂವರ ಹಗ್ಗ ಬಿಚ್ಚಿದಳು. ಕಂಬವನ್ನು ಕಡಿಸಿ ಹಂಡೆ ಒಲೆಗೆ ಸೌದೆ ಮಾಡಲು ಹೇಳಿದಳು. ದೊರೆ, ಕಾರಿಗೆಂದು ಮಡಚಿಟ್ಟಿದ್ದ ಜರಿ ಶಾಲು ತರಿಸಿ ಅವಳ ಹೆಗಲಿಗೆ ಹೊದಿಸಲು ಬಂದ.

ದೇವೀರಿ ಅವನ ಕೈ ಹಿಡಿದು ನಿಲ್ಲಿಸಿದಳು. "ನಿಂತ ಮೇಲೆ ಬಿಸಿ ಏರುತ್ತೆ ಅಂತ ಈಗ ತಾನೇ ಹೇಳಿದೆನಲ್ಲ. ನಂದು ಇನ್ನೂ ಆರಿಲ್ಲ."

ಶಾಲನ್ನು ಅವನ ಕೈಯಲ್ಲೇ ಬಿಟ್ಟು, ತಮ್ಮನ ತೋಳು ಹಿಡಿದುಕೊಂಡು, ಆ ಬಯಲನ್ನು ಒಂದು ಸುತ್ತು ನಿಧಾನಕ್ಕೆ ನಡೆಯಲು ಹೊರಟಳು.