ದೂರಿನ ಪೆಟ್ಟಿಗೆ ಮತ್ತು ‘ಕ’ ಗುಂಡಿ

ನೀರು ಕಚೇರಿಯ ಜಾಲತಾಣದಲ್ಲಿದ್ದ ದೂರಿನ ಪೆಟ್ಟಿಗೆ ನೀಲವ್ವನ ದೂರನ್ನು ಮತ್ತೆ ಹಿಂದಕ್ಕೆ ಕಳಿಸಿತು.

“ಓಣಿಗೆ ನೀರಿಲ್ಲ, ಮನೆಯಲ್ಲಿ ಬಾಣಂತಿ ಇದ್ದಾಳೆ ಅಂತ ಬರೆದಿದ್ದಾಳೆ. ಓದಿದರೆ ತಿಳಿಯುತ್ತದೆ,” ಎಂದಿತು ಕೀಲಿಮಣೆ.

“ಮಾತು ಕನ್ನಡ, ಅಕ್ಷರ ಇಂಗ್ಲಿಷು. ಇಂಥ ಕಲಬೆರಕೆ ನಾನು ತೆಗೆದುಕೊಳ್ಳುವುದಿಲ್ಲ,” ಎಂದಿತು ಪೆಟ್ಟಿಗೆ.

“ನನ್ನ ಮೈಮೇಲೆ ಇರುವುದೇ ಇಂಗ್ಲಿಷ್ ಅಕ್ಷರ. ಅವಳೇನು ಮಾಡಬೇಕು?”

“ಅದು ನಿನ್ನ ಹಣೆಬರಹ.”

“ಹೋಗಲಿ ಬಿಡು, ಯಾರದಾದರೂ ಬಾವಿ ಹುಡುಕುತ್ತೀನಿ,” ಎಂದು ನೀಲವ್ವ ಎದ್ದಳು.

ಪೆಟ್ಟಿಗೆಯ ಮೂಲೆಯಲ್ಲಿ ಅಂದೇ ಕೂರಿಸಿದ್ದ ‘ಕ’ ಗುಂಡಿ ಕೂಗಿತು: “ನಿಲ್ಲವ್ವಾ. ನನ್ನನ್ನು ಒಮ್ಮೆ ಒತ್ತಿ, ಮೊದಲಿನ ಹಾಗೆಯೇ ಬರೆ. ಅಕ್ಷರ ನಾನು ಬದಲಿಸುತ್ತೇನೆ.”

“ಇವತ್ತು ಬಂದು ನನಗೆ ನಿಯಮ ಕಲಿಸುತ್ತೀಯಾ?” ಪೆಟ್ಟಿಗೆ ಗದರಿತು.

“ನಿಮಗಲ್ಲ ಹಿರಿಯರೇ, ಅವ್ವನಿಗೆ ಹೇಳಿದೆ.”

ನೀಲವ್ವ ಕೂತು ‘ಕ’ ಗುಂಡಿ ಒತ್ತಿ, ಮತ್ತೆ ಅವೇ ಕೀಲಿಗಳನ್ನು ಒತ್ತಿದಳು. ಪೆಟ್ಟಿಗೆಯೊಳಗೆ ಕನ್ನಡ ಅಕ್ಷರಗಳು ಸಾಲಾಗಿ ನಿಂತವು. ಪೆಟ್ಟಿಗೆ ಹುಡುಕಿ ನೋಡಿತು, ತಪ್ಪು ಸಿಗಲಿಲ್ಲ. ದೂರನ್ನು ತೆಗೆದುಕೊಂಡಿತು.

“ಅಬ್ಬಾ!” ಎಂದಿತು ಕೀಲಿಮಣೆ.

ಸಂಜೆ ಓಣಿಗೆ ನೀರು ಬಂತು. ಬಾಣಂತಿ ಸ್ನಾನ ಮಾಡಿದಳು.