ಸ್ಮಶಾನದ ಮಣ್ಣಿನ ಜಾತಿ

ಊರಿನ ಸ್ಮಶಾನದಾಗೆ ಗೋದಾಮು ಕಟ್ಟಬೇಕು ಅಂತ ಮಣ್ಣಿನ ಸರ್ವೆ ಸಾಹೇಬ್ರು ಬಂದ್ರು. "ಮಳೆ, ಬಿಸಿಲಿನ ಲೆಕ್ಕ ನನ್ನತ್ರ ಐತೆ. ಪದರ ನೋಡಿ ಮಣ್ಣಿನ ಜಾತಿ ಬರೀಬೇಕು. ಆಳುದ್ದ ಗುಂಡಿ ತೋಡೋ!" ಅಂದ್ರು.

ಗುಂಡಿ ತೋಡೋ ಓಬಳಪ್ಪ ಹೋದ ತಿಂಗಳು ಹೆಂಡ್ತೀನ ಅಲ್ಲೇ ಮಣ್ಣು ಮಾಡಿದ್ದ. ಗೋದಾಮು ಬಂದ್ರೆ ಅವಳ ಗುರುತೂ ಉಳಿಯಲ್ಲ. ಆದ್ರೂ ತೋಡಿದ. ಸಾಹೇಬ್ರು ಒಳಗಿಳಿದ್ರು.

"ಸ್ವಾಮಿ, ನಿಮ್ಮ ಮನೆದೇವ್ರು ಯಾವ್ದು?" ಅಂತ ಓಬಳಪ್ಪ ಮೇಲಿಂದ ಬಗ್ಗಿ ಕೇಳಿದ.

"ಯಾಕೋ?"

"ಇಲ್ಲಿ ತೋಡಿದ ಗುಂಡೀನ ಖಾಲಿ ಮುಚ್ಚಲ್ಲ ಸ್ವಾಮಿ. ಯಾವ ದೇವರ ಹೆಸ್ರು ಹೇಳಿ ಮಣ್ಣು ಹಾಕ್ಲಿ?"

ಸಾಹೇಬ್ರು ಎದ್ದೂ ಬಿದ್ದೂ ಮೇಲೆ ಬಂದ್ರು. ಟೋಪಿ ಒಳಗೇ ಬಿತ್ತು. "ಎರೆಮಣ್ಣು. ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ. ಗೋದಾಮು ನಿಲ್ಲಲ್ಲ" ಅಂತ ಜೀಪಿನಾಗೆ ಕೂತೇ ಬರೆದ್ರು.

ಓಬಳಪ್ಪ ಟೋಪಿ ಮೇಲೆ ಮಣ್ಣೆಳೆದ. ಹೆಂಡ್ತಿ ಗುಡ್ಡೆ ಕಡೆ ತಿರುಗಿ, "ಪಕ್ಕಕ್ಕೆ ಸಾಹೇಬ್ರ ಟೋಪಿ ಬಂದೈತೆ ಕಣೇ. ತಲೆ ಇಲ್ಲ, ನಿಂಗೇನೂ ತೊಂದ್ರೆ ಕೊಡಲ್ಲ" ಅಂದ.